ಕುತ್ತಿಗೆಯ ಬಳಿ ನಿಲ್ಲದ ಅಯಸ್ಕಾಂತ

ಮನುಷ್ಯ ತನ್ನ ಇಡೀ ಭಾರವನ್ನು ಯಾವುದರ ಮೇಲೆ ಹಾಕುತ್ತಾನೋ ಅದರ ಒಳಗುಟ್ಟನ್ನು ಮೊದಲು ತಿಳಿದಿರಬೇಕು. ರಾಜ್ಯಗಳು, ಸಂಸಾರಗಳು, ಸೇತುವೆಗಳು ಕುಸಿಯುವುದೆಲ್ಲ ಈ ಒಂದು ಅಜ್ಞಾನದಿಂದ. ಈ ಘನವಾದ ಸತ್ಯ ನನಗೆ ಹೊಳೆದದ್ದು ಬೆಟ್ಟದ ಹಿಂಬದಿಯ ಮಣ್ಣು ದಾರಿಯಲ್ಲಿ, ಲಂಟಾನದ ಪೊದೆಯೊಳಗೆ ಅಂಗಾತ ಬಿದ್ದಿದ್ದಾಗ. ಕೈಯಲ್ಲಿ ಹ್ಯಾಂಡಲ್ ಇತ್ತು, ಹ್ಯಾಂಡಲಿನ ತುದಿಗೆ ಮುಂದಿನ ಚಕ್ರವೂ ಇತ್ತು. ಸೈಕಲ್ಲಿನ ಮಿಕ್ಕ ಭಾಗ ತನ್ನ ದಾರಿ ತಾನು ನೋಡಿಕೊಂಡಿತ್ತು.

ಅಲ್ಯೂಮಿನಿಯಂ ಫ್ರೇಮ್, ಸರಿಯಾಗಿ ಹ್ಯಾಂಡಲ್ ಕೂರುವ ಕುತ್ತಿಗೆಯಲ್ಲಿ ಮುರಿದಿತ್ತು. ನನ್ನ ಹೆಗಲ ಮೂಳೆ ಅದಕ್ಕೆ ಜೊತೆ ಕೊಟ್ಟಿತ್ತು. ಆರು ವಾರ ಕೈಯನ್ನು ಜೋಲಿಯಲ್ಲಿ ಹಾಕಿಕೊಂಡು ಕೂತಿದ್ದವನಿಗೆ ಕಾಫಿ ಕೊಡುತ್ತ ಹೆಂಡತಿ ತೀರ್ಪು ಓದಿದಳು.

"ಇನ್ನೊಂದೇ ಒಂದು ಸಲ ಬಿದ್ದು ಬನ್ನಿ. ಸೈಕಲ್ಲು ಗುಜರಿಗೆ. ಆಮೇಲೆ ಬೆಟ್ಟಾನ ಟೆರೇಸಿಂದ ನೋಡ್ಕೊಂಡಿರಿ."

"ಇನ್ನೊಂದು ಸೈಕಲ್ ತಗೋಬಹುದು ಅಂತಾಯ್ತಲ್ಲ?"

"ನಾನ್ಯಾಕೆ ಬೇಡ ಅನ್ಲಿ? ತಗೊಳ್ರೀ."

ಅಷ್ಟು ಸಲೀಸಾಗಿ ಒಪ್ಪಿದ್ದು ನನಗೆ ಅನುಮಾನ ತಂದಿತು. ಆದರೆ ನನಗೆ ಯಾವುದು ತಾನೇ ಅನುಮಾನ ತರುವುದಿಲ್ಲ? ಕಾರ್ಖಾನೆಯೊಂದರ ತಪಾಸಣಾ ವಿಭಾಗದಲ್ಲಿ ಮೂವತ್ತು ವರ್ಷ ಕೂತು, ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕಿ ಕೆಂಪು ಬಣ್ಣ ಬಳಿದು ಬದುಕಿದವನು ನಾನು. ನಿವೃತ್ತಿಯ ದಿನ ಹಾರ ಹಾಕಿದರು. ಆ ಹಾರದ ದಾರವನ್ನೂ ಎಳೆದು ನೋಡಿದ್ದೆ. ಕೆಲಸ ಹೋದರೂ ಅಂಗಿಯ ಜೇಬಿನಲ್ಲಿ ಬಟನ್ ಗಾತ್ರದ ಅಯಸ್ಕಾಂತವೊಂದು ಉಳಿದುಕೊಂಡಿದೆ. ಪಾತ್ರೆ ಅಂಗಡಿಯಲ್ಲಿ ಅದನ್ನು ಹೊರತೆಗೆದಾಗ ಹೆಂಡತಿ ಬೇರೆ ಯಾರ ಜೊತೆಗೋ ಬಂದವಳಂತೆ ದೂರ ನಿಲ್ಲುತ್ತಾಳೆ.

ಗೇರು ಬೇಡವೆಂಬುದು ಮೊದಲೇ ಇತ್ಯರ್ಥವಾಗಿತ್ತು. ಇಪ್ಪತ್ತೊಂದು ಗೇರು ಎಂದರೆ ಕೆಡಲು ಇಪ್ಪತ್ತೊಂದು ಅವಕಾಶ. ಹಿಂದೆ ಒಂದೇ ಹಲ್ಲುಚಕ್ರ, ಒಂದು ಚೈನು; ಏರಿನಲ್ಲಿ ಆಗದಿದ್ದರೆ ಇಳಿದು ತಳ್ಳುವುದು. ಉಳಿದದ್ದು ಒಂದೇ ಪ್ರಶ್ನೆ: ಫ್ರೇಮ್ ಯಾವುದರದ್ದು?

ಸರಸ್ವತಿಪುರಂನ ಸೈಕಲ್ ಅಂಗಡಿಗೆ ಹೋದೆ. ಎ.ಸಿ. ಇತ್ತು. ಸೈಕಲ್ ಮಾರುವ ಕಡೆ ಎ.ಸಿ. ಏಕೆ ಎಂಬಲ್ಲಿಂದಲೇ ನನ್ನ ತಪಾಸಣೆ ಆರಂಭವಾಯಿತು. ಗಡ್ಡವನ್ನು ಅಳತೆ ಹಿಡಿದು ಕತ್ತರಿಸಿಕೊಂಡಿದ್ದ ಮಾರಾಟಗಾರ, "ಅಂಕಲ್, ವಾಕಿಂಗ್ ಬದ್ಲಿಗಾ?" ಎಂದ.

"ಬೆಟ್ಟ ಇಳಿಯೋದಕ್ಕೆ."

ಅವನು ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿ ಅಲ್ಯೂಮಿನಿಯಂ ತೋರಿಸಿದ. ನಾನು ಹೆಗಲು ತೋರಿಸಿದೆ. ಕಾರ್ಬನ್ ತೋರಿಸಿದ. ಬೆರಳ ಗೆಣ್ಣಿನಿಂದ ತಟ್ಟಿದೆ. ರಟ್ಟಿನ ಡಬ್ಬಿಯ ಹಾಗೆ ಸದ್ದು ಬಂತು. ನನ್ನ ಕಾಲದಲ್ಲಿ ಕಾರ್ಬನ್ ಎಂದರೆ ಎರಡು ಹಾಳೆಗಳ ನಡುವೆ ಇಟ್ಟು ಪ್ರತಿ ತೆಗೆಯುವ ವಸ್ತು. ಅದರ ಮೇಲೆ ಕೂತು ಬೆಟ್ಟ ಇಳಿಯಲು ನನ್ನದೇನೂ ಎರಡನೇ ಪ್ರತಿ ಮನೆಯಲ್ಲಿರಲಿಲ್ಲ.

ಕೊನೆಗೆ ಫೋನಿನಲ್ಲಿ ಟೈಟಾನಿಯಂ ಫ್ರೇಮೊಂದರ ಚಿತ್ರ ತೋರಿಸಿ, "ಇದು ತರಿಸ್ಕೊಡ್ತೀವಿ ಅಂಕಲ್. ಲೈಫ್‌ಟೈಮ್ ವಾರಂಟಿ," ಎಂದ.

"ಯಾರ ಲೈಫು? ನಂದೋ, ಫ್ರೇಮಿಂದೋ?"

ಅವನು ಪ್ರಾಮಾಣಿಕವಾಗಿ ಯೋಚಿಸಿ, "ಫ್ರೇಮಿಂದು ಅಂಕಲ್," ಎಂದ.

ಅಂದರೆ ಮುರಿದ ದಿನ ಅದರ ಆಯುಸ್ಸು ಮುಗಿಯಿತು, ವಾರಂಟಿಯೂ ಮುಗಿಯಿತು. ನಮಸ್ಕಾರ ಹೇಳಿ ಬಂದುಬಿಟ್ಟೆ.

ಮುರಿದ ಫ್ರೇಮನ್ನು ಗೋಣಿಚೀಲದಲ್ಲಿ ಸುತ್ತಿ, ಆಟೋದಲ್ಲಿ ಹಾಕಿಕೊಂಡು ಉದಯಗಿರಿಗೆ ಹೋದದ್ದು ಆಮೇಲೆ. ಅಲ್ಲೊಬ್ಬ ಮೆಕ್ಯಾನಿಕ್ ಇದ್ದಾನೆ. ನರಸೀಪುರದ ಕಡೆಯ ಹಳ್ಳಿಯಿಂದ ಬಂದು, ತಗಡಿನ ಮಾಡಿನ ಕೆಳಗೆ ಗ್ಯಾಸ್ ಸಿಲಿಂಡರ್ ಇಟ್ಟುಕೊಂಡು ಇಪ್ಪತ್ತೈದು ವರ್ಷದಿಂದ ಸೈಕಲ್ ಫ್ರೇಮುಗಳಿಗೆ ಹಿತ್ತಾಳೆ ಕರಗಿಸಿ ಬೆಸುಗೆ ಹಾಕುತ್ತಿರುವವನು. ಮಾತು ಕಡಿಮೆ. ಮಾತು ಕಡಿಮೆಯಿರುವವರು ಏನನ್ನೋ ಮುಚ್ಚಿಡುತ್ತಾರೆಂಬುದು ನನ್ನ ಅನುಭವ. ಮಾತು ಹೆಚ್ಚಿರುವವರೂ ಅಷ್ಟೇ.

ಅವನು ಮುರಿದ ಕುತ್ತಿಗೆಯೊಳಗೆ ಬೆರಳಾಡಿಸಿ, ಬೆರಳನ್ನು ನನಗೆ ತೋರಿಸಿದ. ಕಪ್ಪಗಾಗಿತ್ತು.

"ಇದು ಒಂದಿನಕ್ಕೆ ಮುರಿದಿದ್ದಲ್ಲ ಸಾ. ಬಿರುಕ್ನೊಳಗೆ ಕೊಳೆ ಕೂತದೆ ನೋಡಿ. ತಿಂಗ್ಳುಗಟ್ಲೆಯಿಂದ ಬುಟ್ಕೊಂಡು ಬಂದದೆ. ತೊಳೆಯೋವಾಗ ನೋಡ್ನಿಲ್ವಾ?"

ಮೂವತ್ತು ವರ್ಷದ ತಪಾಸಕ ನಾನು. ಉತ್ತರ ಕೊಡುವ ಬದಲು, ಯಾವ ಲೋಹ ಒಳ್ಳೆಯದು ಎಂದು ಕೇಳಿದೆ.

"ಕಬ್ಬಿಣ್ವೇ ಸಾ. ಕಬ್ಬಿಣ ಓಗೋಕ್ ಮುಂಚೆ ಏಳ್ತದೆ. ಕಿರುಗುಟ್ಟುತ್ತೆ, ಬಗ್ಗುತ್ತೆ. ಇದು ಏಳಾದೇ ಇಲ್ಲ, ಓಯ್ತದೆ."

ಕಬ್ಬಿಣಕ್ಕೆ ಬೆಸುಗೆ ಹಾಕಿ ಬದುಕುವವನು ಕಬ್ಬಿಣವನ್ನು ಹೊಗಳದೆ ಇನ್ನೇನು ಮಾಡಿಯಾನು ಎಂದುಕೊಂಡೆ. ಆದರೂ ಅಂಗಡಿಯ ಗೋಡೆಗೆ ತೂಗುಹಾಕಿದ್ದ ಹಳೆಯ ಉಕ್ಕಿನ ಮೌಂಟನ್ ಬೈಕ್ ಫ್ರೇಮೊಂದರ ಮೇಲೆ ಕಣ್ಣು ಹೋಯಿತು. ಇಳಿಸಿ, ಬಣ್ಣ ಹೋಗಿದ್ದ ಕಡೆಯೆಲ್ಲ ನೋಡಿದೆ, ತಟ್ಟಿದೆ. ದೇವಸ್ಥಾನದ್ದಲ್ಲದಿದ್ದರೂ ಸ್ಕೂಲಿನ ಗಂಟೆಯಷ್ಟು ಗೌರವದ ನಾದ ಬಂತು. ಅಯಸ್ಕಾಂತ ಎಲ್ಲ ಕಡೆ ಕಚ್ಚಿಕೊಂಡಿತು. ಅವನು ಅದನ್ನೇ ನೋಡುತ್ತಿದ್ದ.

"ಯಾವಾಗ್ಲೂ ಜೇಬಲ್ಲೇ ಮಡಿಕ್ಕೊಂಡಿರ್ತೀರಾ ಸಾ?"

"ಯಾವಾಗ್ಲೂ."

"ಎಣ್ಣು ನೋಡೋಕ್ ಓದಾಗ್ಲೂವಾ?"

ಅಷ್ಟು ದಿನದ ಮೇಲೆ ನನ್ನನ್ನು ನಗಿಸಿದವನು ಅವನೇ. ಇದ್ದ ಕೆಲಸ ಇಷ್ಟು: ಗೇರಿಲ್ಲದ ಸೈಕಲ್ಲಿನಲ್ಲಿ ಚೈನು ಬಿಗಿ ಮಾಡಬೇಕಾದರೆ ಹಿಂದಿನ ಚಕ್ರವನ್ನು ಹಿಂದಕ್ಕೆ ಎಳೆಯುವಂತಿರಬೇಕು. ಹಾಲಿನವರ ಸೈಕಲ್ಲಿನಲ್ಲಿ ಅದಕ್ಕಾಗಿ ಚಕ್ರದ ಅಚ್ಚು ಕೂರುವ ಕಡೆ ಉದ್ದನೆಯ ಸೀಳು ಇರುತ್ತದೆ. ಅಂಥದ್ದೊಂದು ಹಳೆಯ ಸೈಕಲ್ಲಿನ ಹಿಂತುದಿಗಳನ್ನು ಕತ್ತರಿಸಿ ಇದಕ್ಕೆ ಬೆಸೆದು, ಬಣ್ಣ ಹೊಡೆದು ಕೊಡುವುದಾಗಿ ಹೇಳಿದ. ಮುರಿದ ಫ್ರೇಮನ್ನು ಅಲ್ಲೇ ಬಿಟ್ಟುಹೋಗಿ ಎಂದ. ಏಕೆ ಎಂದು ಕೇಳಿದ್ದಕ್ಕೆ, "ಇರ್ಲಿ ಬುಡಿ," ಎಂದ. ಈ 'ಇರ್ಲಿ ಬುಡಿ'ಯನ್ನು ನಾನು ಮನಸ್ಸಿನಲ್ಲಿ ಕೆಂಪು ಬಣ್ಣದಲ್ಲಿ ಬರೆದಿಟ್ಟುಕೊಂಡೆ.

ಹತ್ತು ದಿನದ ನಂತರ ಹೋದಾಗ ಫ್ರೇಮ್ ಗಿಳಿಹಸಿರಿಗೆ ತಿರುಗಿ, ಚಕ್ರ ಹಾಕಿಸಿಕೊಂಡು ಮದುವೆ ಗಂಡಿನಂತೆ ನಿಂತಿತ್ತು. ಅವನು ಟೀ ತರಲು ಎದುರಿನ ಅಂಗಡಿಗೆ ಹೋದ ಸಮಯ ನೋಡಿ ಅಯಸ್ಕಾಂತ ತೆಗೆದೆ. ಮೇಲಿನ ಕೊಳವೆ, ಕೆಳಗಿನ ಕೊಳವೆ, ಸೀಟಿನ ಕೊಳವೆ: ಕಚ್ಚಿತು. ಕುತ್ತಿಗೆಯ ಸಂದಿಗೆ ಇಟ್ಟೆ. ಜಾರಿ ಕೆಳಗೆ ಬಿತ್ತು. ಮತ್ತೆ ಇಟ್ಟೆ. ಮತ್ತೆ ಬಿತ್ತು.

ಹತ್ತು ದಿನದ ಹಿಂದೆ ಇದೇ ಜಾಗದಲ್ಲಿ ಅಯಸ್ಕಾಂತ ಕಚ್ಚಿ ನಿಂತಿತ್ತು. ಅಲ್ಲಿ ಏನಾದರೂ ಮಾಡು ಎಂದು ನಾನು ಹೇಳಿರಲಿಲ್ಲ. ಕಬ್ಬಿಣವಿದ್ದ ಕಡೆ ಅಯಸ್ಕಾಂತ ನಿಲ್ಲದಿದ್ದರೆ ಕಬ್ಬಿಣದ ಮೇಲೆ ಏನನ್ನೋ ದಪ್ಪಗೆ ಮೆತ್ತಿರಬೇಕು. ಮೆತ್ತುವುದು ಬಿರುಕು ಮುಚ್ಚುವುದಕ್ಕೆ. ಬಿರುಕು ಇರುವುದು ಹಳೆಯದು ಮುರಿದ ಜಾಗದಲ್ಲೇ. ಕೆಲಸ ಮಾಡುವಾಗ ಸೀಳಿಸಿಬಿಟ್ಟು, ಪುಟ್ಟಿಯಂಥ ಲಪ್ಪ ತುಂಬಿ ಬಣ್ಣ ಹೊಡೆದಿದ್ದಾನೆ. ಟೀ ಬಂತು. ಕುಡಿದೆ. ಕೇಳಲಿಲ್ಲ. ಕೇಳಿದರೆ ಸುಳ್ಳು ಸಿಗುತ್ತದೆ, ಕೆರೆದರೆ ಸತ್ಯ ಸಿಗುತ್ತದೆ ಎಂಬುದು ನಮ್ಮ ವಿಭಾಗದ ಕ್ರಮ.

ಮನೆಯ ಅಂಗಳದಲ್ಲಿ ಪೇಪರ್ ಹಾಸಿ, ಚಾಕು ತಂದು ಕೂತೆ. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, "ಹೊಸ ಸೈಕಲ್ಲನ್ನ ಯಾಕ್ರೀ ಕೆರೀತಿದೀರಾ?"

"ಮೋಸ ಹುಡುಕ್ತಿದೀನಿ."

"ಸಿಕ್ತಾ?"

ಸಿಗಲಿಲ್ಲ. ಬಣ್ಣ ಎದ್ದು ಬಂದ ಕಡೆ ಹಳದಿ ಹೊಳೆಯಿತು. ಇನ್ನಷ್ಟು ಕೆರೆದೆ. ಲಪ್ಪವಲ್ಲ, ಹಿತ್ತಾಳೆ. ಕೊಳವೆಗಳು ಸೇರುವ ಸಂದಿಯ ಸುತ್ತ, ಬೆರಳು ದಪ್ಪ, ಮೇಣ ಹಚ್ಚಿ ಸವರಿದಷ್ಟು ನಯವಾಗಿ ಹಿತ್ತಾಳೆ ಕಟ್ಟಿದ್ದ. ಹಿತ್ತಾಳೆಗೆ ಅಯಸ್ಕಾಂತ ಕಚ್ಚುವುದಿಲ್ಲವೆಂಬುದು ಪಾತ್ರೆ ಅಂಗಡಿಯಲ್ಲಿ ಅಷ್ಟು ಜನರ ಎದುರು ನಾನೇ ಸಾರಿದ ವಿಷಯ. ಮುರಿದ ಫ್ರೇಮನ್ನು ಇಟ್ಟುಕೊಂಡದ್ದು ಏಕೆಂದು ಆಗ ಅರ್ಥವಾಯಿತು: ಎಲ್ಲಿಂದ ಎಲ್ಲಿಯವರೆಗೆ ಸೀಳಿತ್ತು ಎಂದು ನೋಡಿ, ಇಲ್ಲಿ ಅಷ್ಟೂ ಕಡೆ ಬಲ ಕೊಟ್ಟಿದ್ದ. ಹೆಂಡತಿ ಬಗ್ಗಿ ನೋಡಿ, "ಚೆನ್ನಾಗಿ ಮಾಡಿದಾನಲ್ಲ," ಎಂದಳು. ಇದೂ ಸಾಲದೆಂಬಂತೆ ಒಳಗೆ ಹೋಗಿ ನಕ್ಕಳು.

ಮರುದಿನ ಸೈಕಲ್ ತಳ್ಳಿಕೊಂಡು ಉದಯಗಿರಿಗೆ ಹೋದೆ. ಅವನು ಗಾಯ ನೋಡಿದ, ನನ್ನನ್ನು ನೋಡಿದ.

"ಕೆರೆದ್ಬುಟ್ರಾ ಸಾ?"

"ಹೇಳಬಾರದಾಗಿತ್ತೇನಯ್ಯ, ಹಾಕಿದೀನಿ ಅಂತ?"

"ಏಳಿದ್ರೆ ಯಾಕ್ ಹಾಕ್ದೆ ಅಂತ ಅದ್ಕೊಂದು ಅನುಮಾನ ಪಡ್ತಿದ್ರಿ."

ನಿಜ. ಪಡುತ್ತಿದ್ದೆ. ತಪ್ಪಾಯಿತು ಎಂದು ಹೇಳುವ ಅಭ್ಯಾಸ ನಮ್ಮ ವಿಭಾಗದಲ್ಲಿ ಇರಲಿಲ್ಲ, ಆದರೂ ಹೇಳಿದೆ. ಅವನು ಕೆರೆದ ಜಾಗವನ್ನು ಬಟ್ಟೆಯಿಂದ ಒರೆಸುತ್ತಲೇ ಇದ್ದ. ಆ ಜಾಗಕ್ಕೆ ಮತ್ತೆ ಬಣ್ಣ ಹೊಡೆದುಕೊಡು ಎಂದಾಗ ಮಾತ್ರ ತಲೆಯಾಡಿಸಿದ.

"ಬ್ಯಾಡ ಸಾ, ಅಂಗೇ ಇರ್ಲಿ. ನಾನ್ ಮುಚ್ಚಿದ್ರೆ ನೀವ್ ಮತ್ತೆ ಕೆರೀತೀರಿ. ಕಾಣ್ತಾ ಇರ್ಲಿ ಬುಡಿ."

ಅಂಚಿನ ಉಕ್ಕು ತುಕ್ಕು ಹಿಡಿಯದಂತೆ ಒಂದಿಷ್ಟು ಎಣ್ಣೆ ಸವರಿ ಕಳಿಸಿದ.

ಅದಾಗಿ ಎರಡು ಮಳೆಗಾಲ ಕಳೆದಿವೆ. ವಾರಕ್ಕೆ ಮೂರು ದಿನ ಬೆಟ್ಟದ ಹಿಂದಿನ ದಾರಿಯಲ್ಲಿ ಇಳಿಯುತ್ತೇನೆ. ಪ್ರತಿ ಭಾನುವಾರ ಕುತ್ತಿಗೆಯನ್ನು ಒರೆಸಿ ಭೂತಗನ್ನಡಿಯಲ್ಲಿ ನೋಡುತ್ತೇನೆ. ಫ್ರೇಮ್ ಉಕ್ಕಿನದು. ಬಿರುಕು ಬಿಟ್ಟಿಲ್ಲ.