ಎಡಗಾಲಿನ ನೋವು ಮುಚ್ಚಿಟ್ಟ ಮೂರು ವಾರ

ಮೂರು ವಾರದಿಂದ ನನ್ನ ಎಡಗಾಲು ಸರಿಯಿಲ್ಲ. ಇವತ್ತು ಮಧ್ಯಾಹ್ನದವರೆಗೂ ಇದನ್ನು ಯಾರಿಗೂ ಹೇಳಿರಲಿಲ್ಲ.

ನಾನು ಹೈಸ್ಕೂಲ್ ಅರ್ಧಕ್ಕೆ ಬಿಟ್ಟವಳು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಮೆರಿಕದ ಈ ಕೊಲಂಬಿಯಾ ಊರಿನ ಕನ್ನಡದ ಆಂಟಿಯರಿಗಂತೂ ಚೆನ್ನಾಗಿ ಗೊತ್ತು.

ಐರಿಷ್ ಡಾನ್ಸ್ ಕ್ಲಾಸನ್ನು ಮಾತ್ರ ಎರಡು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲ. ನಾನು ಹಿಡಿದು ಬಿಡದೆ ಮಾಡಿದ್ದು ಅದೊಂದೇ.

ಭಾನುವಾರ ಷಾರ್ಲೆಟ್‌ನಲ್ಲಿ ಸ್ಪರ್ಧೆ. ನಮ್ಮದು ನಾಲ್ಕು ಜನರ ತಂಡ. ಕೈ ಕೈ ಹಿಡಿದು ಕುಣಿಯುತ್ತೇವೆ, ಒಬ್ಬಳು ಕುಸಿದರೆ ನಾಲ್ವರೂ ನಿಲ್ಲಬೇಕು.

ಕೊನೆಯ ಮೂರು ದಿನ ಕುಣಿಯಬೇಡಿ ಅಂದಿದ್ದರು ಟೀಚರ್. ಕಾಲಿಗೆ ರೆಸ್ಟ್ ಕೊಡಿ, ನೀರು ಕುಡಿಯಿರಿ, ದಿನಕ್ಕೆರಡು ಸಲ ಕಣ್ಣು ಮುಚ್ಚಿ ಮಲಗಿ, ಕ್ಯಾಸೆಟ್ ಕೇಳುತ್ತಾ ಮನಸ್ಸಿನಲ್ಲೇ ಪೂರ್ತಿ ಕುಣಿಯಿರಿ.

ನಿನ್ನೆ ಹಾಗೇ ಮಲಗಿದೆ. ಕಿವಿಯಲ್ಲಿ ವಾಕ್‌ಮನ್, ಕಾಲಿನ ಮೇಲೆ ಐಸ್ ಬದಲು ಫ್ರೀಜರ್‌ನಿಂದ ಕದ್ದು ತಂದ ಬಟಾಣಿ ಪ್ಯಾಕೆಟ್.

ಮೊದಲ ಸುತ್ತು ಚೆನ್ನಾಗಿ ಹೋಯಿತು. ಹಾರಿ ಎಡಗಾಲಿನ ಮೇಲೆ ಇಳಿಯುವ ಜಾಗ ಬಂತು... ಮನಸ್ಸಿನೊಳಗೂ ನಾನು ಕುಂಟಿದೆ.

ಟೇಪ್ ಹಿಂದಕ್ಕೆ ತಿರುಗಿಸಿ ಮತ್ತೆ ಹಾಕಿದೆ. ಐದು ಸಲ. ಅದೇ ಜಾಗ, ಅದೇ ಕುಂಟು. ನೋವೇ ಇಲ್ಲದ ಕಾಲೊಂದನ್ನು ಊಹಿಸಿಕೊಳ್ಳಲೂ ನನ್ನಿಂದ ಆಗಲಿಲ್ಲ.

ಇವತ್ತು ಶುಕ್ರವಾರ. ದೂರ ಹೊರಡುವ ಮುಂಚೆ ಎಣ್ಣೆ ಸ್ನಾನ ಆಗಲೇಬೇಕು ಅನ್ನುವುದು ಅಮ್ಮನ ನಿಯಮ. ಟಬ್ಬಿನ ಅಂಚಿನಲ್ಲಿ ಕೂರಿಸಿಕೊಂಡು ಬೆಚ್ಚಗಿನ ಹರಳೆಣ್ಣೆ ತಿಕ್ಕುತ್ತಿದ್ದಳು. ಮೊಣಕಾಲಿನ ಕೆಳಗೆ ಅವಳ ಹೆಬ್ಬೆರಳು ನಿಂತಿತು.

"ಇಲ್ಲಿ ನೋವಿದ್ಯಾ?"

"ಇಲ್ಲ."

ಮತ್ತೆ ಒತ್ತಿದಳು. ನಾನು ಗೋಡೆ ಹಿಡಿದುಕೊಂಡೆ.

"ಬಾಯಲ್ಲಿ ಏನ್ ಬೇಕಾದ್ರೂ ಹೇಳ್ಕೊ, ಕಾಲು ಸುಳ್ಳು ಹೇಳಲ್ಲ. ಟೀಚರ್‌ಗೆ ಗೊತ್ತಾ?"

"ಹೇಳಿದ್ರೆ ತಂಡದಿಂದ ತೆಗೆದುಬಿಡ್ತಾರೆ ಅಮ್ಮ. ಇದನ್ನೂ ಬಿಟ್ಲು ಅಂತಾರೆ ಎಲ್ರೂ."

"ಸ್ಕೂಲ್ ಬಿಟ್ಟೆ, ಪಿಟೀಲು ಬಿಟ್ಟೆ, ಸ್ವಿಮ್ಮಿಂಗ್ ಬಿಟ್ಟೆ. ನಿಜವಾಗ್ಲೂ ಬಿಡ್ಬೇಕಾದಾಗ ಮಾತ್ರ ಬಿಡಲ್ಲ ಅಂತೀಯಲ್ಲೇ."

ನನಗೆ ನಗು ಬರಲಿಲ್ಲ. ಅವಳಿಗೂ ಬರಲಿಲ್ಲ. ಕಾಲನ್ನು ಮೆಲ್ಲಗೆ ಕೆಳಗಿಟ್ಟಳು.

ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಟೀಚರ್‌ಗೆ ಫೋನ್ ಮಾಡಿದೆ. ಎಷ್ಟು ದಿನದಿಂದ ಎಂದರು. ಮೂರು ವಾರ ಎಂದೆ. ಎರಡು ದಿನ ಅನ್ನಬಹುದಿತ್ತು, ಬಾಯಿಗೂ ಬಂದಿತ್ತು.

ಅವತ್ತೇ ಹೇಳಿದ್ದರೆ ಇನ್ನೊಬ್ಬಳನ್ನು ಮೂರು ವಾರ ತಯಾರು ಮಾಡುತ್ತಿದ್ದೆ ಎಂದರು.

ನನ್ನ ಜಾಗಕ್ಕೆ ಈಗ ನಮ್ಮ ಕ್ಲಾಸಿನ ಕೇಟಿ ಬರುತ್ತಾಳೆ. ಅವಳಿಗೆ ಹೆಜ್ಜೆಗಳು ಗೊತ್ತು, ಆದರೆ ಉಳಿದ ಮೂವರ ಜೊತೆ ಒಮ್ಮೆಯೂ ಕುಣಿದಿಲ್ಲ. ಯಾರ ಕೈ ಯಾವಾಗ ಹಿಡಿಯಬೇಕು, ಎಲ್ಲಿ ಬಿಡಬೇಕು ಅನ್ನುವುದನ್ನು ದಾರಿಯಲ್ಲಿ ನಾನೇ ಹೇಳಿಕೊಡಬೇಕಂತೆ.

ಆ ಮೂವರಲ್ಲಿ ಇಬ್ಬರು "ಇಟ್ಸ್ ಓಕೆ" ಅಂದರು. ಮೂರನೆಯವಳು ನನ್ನ ಫೋನ್ ಎತ್ತುತ್ತಿಲ್ಲ. ಅವಳ ಸಿಟ್ಟು ಸರಿಯಾಗಿಯೇ ಇದೆ. ನಾಳೆ ಏಳು ತಾಸಿನ ಹಾದಿ, ಒಂದೇ ವ್ಯಾನ್, ಅವಳ ಪಕ್ಕವೇ ಕೂರಬೇಕಾಗಬಹುದು...

ವ್ಯಾನ್ ಬೆಳಿಗ್ಗೆ ಆರಕ್ಕೆ ಹೊರಡುತ್ತದೆ. ನಾನೂ ಹೋಗುತ್ತಿದ್ದೇನೆ.