ಬಾಯಿ ತಪ್ಪಿ ‘ಬಾ’ ಎಂದೆ

ಇದು ನಡೆದದ್ದು ಹೂಸ್ಟನ್ನಿನಲ್ಲಿ, ನನಗೇ. ಗೆಳತಿಯ ಗೆಳತಿಗಲ್ಲ, ಯಾರೋ ಹೇಳಿದ್ದನ್ನು ಕೇಳಿ ಬರೆದದ್ದೂ ಅಲ್ಲ. ನಂಬಲೇಬೇಕೆಂದು ಒತ್ತಾಯವಿಲ್ಲ. ದೆವ್ವದ ಮಾತು ಬಂದರೆ ಎಲ್ಲರಿಗಿಂತ ಮೊದಲು ನಗುತ್ತಿದ್ದವಳು ನಾನೇ. ಈಗ ನಗುವುದಿಲ್ಲ.

ಹಾಳು ಬಂಗಲೆ, ಅಮಾವಾಸ್ಯೆ, ನಡುರಾತ್ರಿಯ ಹನ್ನೆರಡು ಗಂಟೆ... ಇವು ಯಾವುವೂ ಇದರಲ್ಲಿಲ್ಲ. ತೈಲ ಕಂಪನಿಗಳಿರುವ ಎನರ್ಜಿ ಕಾರಿಡಾರ್ ಕಡೆಯ ಒಂದು ಸಾಧಾರಣ ಮನೆ. ಹೊತ್ತು, ರಾತ್ರಿ ಎಂಟು ಗಂಟೆ. ಪಕ್ಕದ ಮನೆಯವರು ಆಗಿನ್ನೂ ಕಸದ ಡಬ್ಬಿಯನ್ನು ರಸ್ತೆಗೆ ಎಳೆದು ತರುತ್ತಿದ್ದರು.

ನನ್ನ ಹೆಸರು ಸಹನಾ, ಮೈಸೂರಿನವಳು. ಅನುವಾದದ ಮಾಸ್ಟರ್ಸ್‌ಗಾಗಿ ಇಲ್ಲಿ ರಷ್ಯನ್ ಕಲಿಯುತ್ತಿದ್ದೇನೆ. ಮೊದಲೆಲ್ಲ ಈ ಕೋರ್ಸಿನವರು ಒಂದು ಸೆಮಿಸ್ಟರ್ ರಷ್ಯಾಕ್ಕೆ ಹೋಗಿ ಬರುತ್ತಿದ್ದರಂತೆ. ಯುದ್ಧ ಶುರುವಾದ ಮೇಲೆ ಅದು ನಿಂತುಹೋಯಿತು. ಈಗ ಇದೇ ಊರಿನ ರಷ್ಯನ್ ಕುಟುಂಬಗಳ ಮನೆಯಲ್ಲಿ ನಮ್ಮನ್ನು ಇರಿಸುತ್ತಾರೆ. ಷರತ್ತು ಒಂದೇ, ಹೊಸ್ತಿಲು ದಾಟಿ ಒಳಗೆ ಬಂದ ಮೇಲೆ ಇಂಗ್ಲಿಷ್ ಆಡುವಂತಿಲ್ಲ.

ನನ್ನ ಪಾಲಿಗೆ ಸಿಕ್ಕಿದ್ದು ಲರೀಸಾಳ ಮನೆ. ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡಿದ್ದ, ತೈಲ ಕಂಪನಿಯೊಂದರಲ್ಲಿ ನಕ್ಷೆ ಬಿಡಿಸುವ ಕೆಲಸ. ಜೊತೆಗೆ ಅವಳ ತಾಯಿ, ಎಂಬತ್ತಾರರ ಜೀನಾ ಅಜ್ಜಿ. ಅಜ್ಜಿಯ ಕೋಣೆಗೂ ನನ್ನ ಕೋಣೆಗೂ ನಡುವೆ ಒಂದೇ ಗೋಡೆ.

ರಷ್ಯನ್ನಿನ ಆರು ವಿಭಕ್ತಿ ಕಂಡು ನನ್ನ ಅಮೆರಿಕನ್ ಸಹಪಾಠಿಗಳು ತಲೆ ಮೇಲೆ ಕೈ ಹೊತ್ತಿದ್ದರು. ಶಾಲೆಯಲ್ಲಿ ಏಳು ವಿಭಕ್ತಿ ಉರು ಹೊಡೆದು ಬಂದ ನನಗೆ ಅದು ಒಂದು ಕಡಿಮೆಯೇ ಆಯಿತು. ನನ್ನ ತೊಡಕು ಬೇರೆ. ಮನೆಯಿಂದ ಹೊರಡುವಾಗ ‘ಹೋಗುತ್ತೇನೆ’ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ.

ಮೊದಲ ವಾರವೇ ಬಾಗಿಲಲ್ಲಿ ನಿಂತು “ಯಾ ಪ್ರಿದೂ” ಎಂದೆ. ಅಂದರೆ, ಬರ್ತೀನಿ. ಲರೀಸಾ ನಕ್ಕಳು. ಹೋಗುತ್ತಿರುವವಳು ಬರುವುದೆಲ್ಲಿಗೆ ಎಂದು ಕೇಳಿದಳು. ನಮ್ಮಲ್ಲಿ ಹೊರಡುವವರು ಬರ್ತೀನಿ ಅಂತಾರೆ, ಮನೆಯಲ್ಲಿರುವವರು ಬಾ ಅಂತಾರೆ, ಬರಿದೇ ‘ಹೋಗು’ ಎಂದರೆ ಶಾಪ ಹಾಕಿದಂತೆ ಎಂದು ಹರಕು ಮುರುಕು ರಷ್ಯನ್ನಿನಲ್ಲಿ ವಿವರಿಸಿದೆ. ಜೀನಾ ಅಜ್ಜಿಗೆ ಅದು ಎಷ್ಟು ಹಿಡಿಸಿತೆಂದರೆ, ಮೇಜು ಕುಟ್ಟಿ ಇನ್ನೊಮ್ಮೆ ಹೇಳಿಸಿದಳು.

ಅಂದಿನಿಂದ ಅದು ನಮ್ಮಿಬ್ಬರ ಆಟ. ಮಧ್ಯಾಹ್ನ ಮಲಗಲು ಹೊರಟರೂ, ಬಚ್ಚಲಿಗೆ ಎದ್ದರೂ, “ಯಾ ಪ್ರಿದೂ, ಸಹನೋಚ್ಕಾ” ಎನ್ನುವಳು, ನನ್ನ ಹೆಸರನ್ನು ಮುದ್ದಿಗೆ ಎಳೆದು. ನಾನು “ಪ್ರಿಖದೀ” ಎನ್ನಬೇಕು. ಅಂದರೆ, ಬಾ. ನಾನು ಮರೆತರೆ ಅಲ್ಲೇ ಗೋಡೆ ಹಿಡಿದು ನಿಂತಿರುವಳು, ಹೇಳುವ ತನಕ.

ಅಜ್ಜಿ ನನಗೆ ಇನ್ನೆರಡು ಮಾತು ಕಲಿಸಿದಳು. ಮತ್ತೆ ಸಿಗುವವರಿಗೆ ‘ದಸ್ವಿದಾನಿಯ’. ಇನ್ನು ಸಿಗದವರಿಗೆ ‘ಪ್ರಶ್ಚಾಯ್’. ಈ ಎರಡನೆಯದರೊಳಗೆ ಕ್ಷಮಿಸು ಎನ್ನುವುದೂ ಸೇರಿದೆಯಂತೆ. ಅದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತೀರಿ ಎಂದು ಕೇಳಿದಳು. ಯೋಚಿಸಿದೆ. ಇಲ್ಲ ಎಂದೆ.

“ಹಾಗಾದ್ರೆ ಸತ್ತವರನ್ನ ಹೇಗೆ ಕಳಿಸ್ತೀರಿ?”

“ಏನೂ ಹೇಳಲ್ಲ, ಅಜ್ಜಿ. ಸಾವಿನ ಮನೆಯಿಂದ ಸುಮ್ಮನೆ ಎದ್ದು ಬಂದುಬಿಡ್ತೀವಿ. ಅಲ್ಲಿ ಮಾತ್ರ ಬರ್ತೀನಿ ಅನ್ನಬಾರದು.”

ಅವಳು ನನ್ನ ಲೋಟಕ್ಕೆ ಚಹಾ ಬಗ್ಗಿಸಿದಳು.

ಐದನೆಯ ವಾರ, ಮಧ್ಯಾಹ್ನ ಮಲಗಿದವಳು ಏಳಲಿಲ್ಲ.

ಅಂದು ಬೆಳಿಗ್ಗೆ ಮಾತ್ರೆ ನುಂಗುವ ವಿಷಯಕ್ಕೆ ತಾಯಿ ಮಗಳಿಗೆ ಜಗಳವಾಗಿತ್ತು. ಲರೀಸಾ ಒಂದು ಮಾತೂ ಆಡದೆ ಬಾಗಿಲು ಬಡಿದುಕೊಂಡು ಕೆಲಸಕ್ಕೆ ಹೋಗಿದ್ದಳು. ನಾನು ಮಾತ್ರ ಎಂದಿನಂತೆ ಯಾ ಪ್ರಿದೂ ಎಂದಿದ್ದೆ, ಅಜ್ಜಿ ಪ್ರಿಖದೀ ಎಂದಿದ್ದಳು.

ಅವರಲ್ಲಿ ಶವದ ಪೆಟ್ಟಿಗೆ ತೆರೆದಿಟ್ಟು, ಒಬ್ಬೊಬ್ಬರಾಗಿ ಹೋಗಿ ಬೀಳ್ಕೊಡುತ್ತಾರೆ. ಲರೀಸಾ ಬಹಳ ಹೊತ್ತು ನಿಂತಳು. ಬಾಯಿ ತೆರೆದಳು, ಮುಚ್ಚಿದಳು, ಏನೂ ಹೇಳದೆ ಪಕ್ಕಕ್ಕೆ ಸರಿದಳು. ಆಮೇಲೆ ನನ್ನ ಸರದಿ. ಕಾರಿನಲ್ಲಿ ದಾರಿಯುದ್ದಕ್ಕೂ ಪ್ರಶ್ಚಾಯ್, ಪ್ರಶ್ಚಾಯ್ ಎಂದು ಪಾಠ ಮಾಡಿಕೊಂಡು ಬಂದಿದ್ದೆ. ಬಗ್ಗಿ ಅವಳ ತಣ್ಣಗಿನ ಕೈ ಮುಟ್ಟಿದೆ...

“ಪ್ರಿಖದೀ.”

ಕನ್ನಡದಲ್ಲಾಗಿದ್ದರೆ ಸತ್ತರೂ ಆ ತಪ್ಪು ಮಾಡುತ್ತಿರಲಿಲ್ಲ. ಕಲಿತ ಭಾಷೆ, ರೂಢಿಯಾದ ಮಾತು, ಪ್ರಶ್ಚಾಯ್, ಪ್ರಿಖದೀ ಎರಡಕ್ಕೂ ಶುರುವಿನ ಅಕ್ಷರ ಒಂದೇ. ನಾಲಿಗೆ ಜಾರಿತು. ಮೆಲ್ಲಗೆ ಅಂದಿದ್ದರೂ ಲರೀಸಾಳಿಗೆ ಕೇಳಿಸಿತ್ತು. ಅವಳ ಬೆರಳು ನನ್ನ ಮೊಣಕೈಯನ್ನು ಬಿಗಿಯಾಗಿ ಹಿಡಿದವು.

ಕಾರಿನಲ್ಲಿ ಕೂತ ಮೇಲೆ ಹೇಳಿದಳು. “ನಲವತ್ತು ದಿನ ಜೀವ ಮನೆ ಸುತ್ತಾನೇ ಇರುತ್ತೆ. ಆಮೇಲೆ ಹೋಗಬೇಕು. ಕರೆದೋರು ಇದ್ರೆ ಹೋಗಲ್ಲ.”

ಇಲ್ಲಿನ ಭಾರತೀಯ ಅಂಗಡಿಗಳ ಬೀದಿ ಗಾಂಧಿ ಡಿಸ್ಟ್ರಿಕ್ಟಿನಲ್ಲಿ ರವಿಕೆ ಹೊಲಿಯುವ ಧಾರವಾಡದ ಸುಮಿತ್ರಾ ಆಂಟಿಗೆ ಅಂದು ಸಂಜೆ ಫೋನ್ ಮಾಡಿದೆ. ಈ ಊರಿನಲ್ಲಿ ಮನಸ್ಸು ಬಿಚ್ಚಿ ಕನ್ನಡ ಆಡಲು ನನಗಿದ್ದವರು ಅವರೊಬ್ಬರೇ. ಬಯ್ಯುತ್ತಾರೆ ಅಂದುಕೊಂಡಿದ್ದೆ, ಬಯ್ಯಲಿಲ್ಲ.

“ಬಾಯಿ ತಪ್ಪಿ ಅಂದೀ, ಅಷ್ಟ. ಅಂಜಬ್ಯಾಡ. ಆದ್ರ ಆ ಮನ್ಯಾಗ ಕತ್ತಲಾದ ಮ್ಯಾಲೆ ಯಾರರ ಕರದ್ರ ಒಂದ ಸಲಕ್ಕ ಓ ಅನಬ್ಯಾಡ. ಮೂರು ಸಲ ಕರೀಲಿ. ಮನಷ್ಯಾರಾದ್ರ ಮೂರು ಸಲ ಕರೀತಾರ.”

ಆ ನಲವತ್ತು ದಿನಕ್ಕೆಂದು ಮನೆಯ ಕನ್ನಡಿಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು. ಅಜ್ಜಿಯ ಕಿಟಕಿಯಲ್ಲಿ ಒಂದು ಲೋಟ ನೀರು, ಅದರ ಮೇಲೆ ಒಂದು ತುಂಡು ಕಪ್ಪು ಬ್ರೆಡ್. ಪಿಂಡಕ್ಕೆ ಕಾಗೆ ಕಾಯುವ ಊರಿನಿಂದ ಬಂದ ನನಗೆ ಅದು ಹೊಸದೇನೂ ಅನ್ನಿಸಲಿಲ್ಲ. ಲೋಟದ ನೀರು ದಿನಾ ಒಂದಿಷ್ಟು ಇಳಿಯುತ್ತಿತ್ತು. ಎಸಿಯ ಒಣ ಗಾಳಿ, ಆರುತ್ತದೆ ಎಂದುಕೊಂಡೆ.

ಒಂಬತ್ತನೆಯ ದಿನ ಸಂಜೆ ಲರೀಸಾ ಪ್ರಾರ್ಥನೆಗೆಂದು ಚರ್ಚಿಗೆ ಹೋದಳು. ಮರುದಿನ ಪರೀಕ್ಷೆ ಇತ್ತು, ನಾನು ಉಳಿದೆ. ಕೋಣೆಯ ಬಾಗಿಲು ಹಾಕಿಕೊಂಡು ಓದುತ್ತಿದ್ದೆ. ಎಂಟಾಗಿತ್ತು. ಎಸಿ ಗಕ್ಕನೆ ನಿಂತಿತು. ಅದು ನಿಂತಾಗಲೇ ಮನೆ ಎಷ್ಟು ಮೌನವಾಗಿದೆ ಎಂದು ಗೊತ್ತಾಗುವುದು.

ಮೊದಲು ವಾಸನೆ ಬಂತು.

ಅಜ್ಜಿ ಎದೆಗೆಂದು ಸಕ್ಕರೆ ತುಂಡಿನ ಮೇಲೆ ಬಿಟ್ಟುಕೊಳ್ಳುತ್ತಿದ್ದ ವಲೇರಿಯನ್ ಔಷಧಿ ಹನಿಗಳ ವಾಸನೆ. ಕೊಳೆತ ಬೇರಿನಂಥ ಘಾಟು. ಒಮ್ಮೆ ಮೂಗಿಗೆ ಹೊಡೆದರೆ ಮರೆಯುವಂಥದ್ದಲ್ಲ.

ಆಮೇಲೆ ಸದ್ದು. ಸರ್... ಟಪ್. ಸರ್... ಟಪ್. ಅವಳ ಉಣ್ಣೆಯ ಚಪ್ಪಲಿ. ಎಡಗಾಲು ಎಳೆಯುತ್ತಿದ್ದಳು.

ಲರೀಸಾ ಬಂದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೆ ಗ್ಯಾರೇಜಿನ ಬಾಗಿಲು ಸದ್ದು ಮಾಡಿರಲಿಲ್ಲ. ಹೆಜ್ಜೆ ನನ್ನ ಬಾಗಿಲ ಮುಂದೆ ನಿಂತಿತು. ಉಗುರಿನಿಂದ ಒಮ್ಮೆ ಟಕ್ ಎಂದಿತು.

“ಮೋಜ್ನೊ?”

ಒಳಗೆ ಬರಬಹುದಾ? ದಿನಾ ಹಾಗೇ ಕೇಳಿ ಬರುತ್ತಿದ್ದಳು. ಅಜ್ಜಿಯ ಅದೇ ಒಡಕು ದನಿ... ನಾನು ಬೆರಳು ಮಡಚಿದೆ. ಒಂದು ಸಲ ಆಯಿತು.

“ಮೋಜ್ನೊ?” ಎರಡು.

ಮನುಷ್ಯರಲ್ಲದಿದ್ದರೆ ಮೂರನೆಯದು ಬರುವುದಿಲ್ಲ. ಆಂಟಿ ಹೇಳಿದ್ದಾರೆ. ಬರುವುದಿಲ್ಲ, ಬರುವುದಿಲ್ಲ...

“ಮೋಜ್ನೊ, ಸಹನೋಚ್ಕಾ?”

ಚಿಕ್ಕವಳಿದ್ದಾಗ ನಮ್ಮ ಬೀದಿಯ ಹಳೆಯ ಬಾಗಿಲುಗಳ ಮೇಲೆ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಎಂದು ಬರೆದಿರುತ್ತಿತ್ತು. ರಾತ್ರಿ ಬರುವ ದೆವ್ವ ಅದನ್ನು ಓದಿ ಹಿಂದಿರುಗುತ್ತದೆ ಎಂದು ಅಮ್ಮ ನಗುತ್ತಾ ಹೇಳುತ್ತಿದ್ದಳು. ಆ ಗಳಿಗೆಯಲ್ಲಿ ನನಗೆ ನೆನಪಾದ ರಕ್ಷಣೆ ಅದೊಂದೇ. ಅನುವಾದ ಮಾಡಿದೆ.

“ಪ್ರಿಖದೀ ಜಾಫ್ತ್ರ.” ನಾಳೆ ಬಾ.

“ಖರಶೋ” ಎಂದಿತು, ಆಗಲಿ ಎನ್ನುವಂತೆ. ಸರ್... ಟಪ್... ದೂರವಾಯಿತು.

ಬದುಕಿದೆ ಎಂದುಕೊಂಡೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ. ಹಲ್ಲುಜ್ಜುವಾಗ ತಿಳಿಯಿತು ನಾನು ಮಾಡಿದ್ದೇನೆಂದು. ಬಾಗಿಲ ಮೇಲೆ ಬರೆದ ನಾಳೆ ಎಂದಿಗೂ ನಾಳೆಯೇ. ಬಂದಾಗಲೆಲ್ಲ ಅದನ್ನೇ ಓದಬೇಕು. ನಾನು ಬರೆಯಲಿಲ್ಲ, ಬಾಯಲ್ಲಿ ಹೇಳಿದೆ. ಹೇಳಿದ ನಾಳೆಗೆ ಒಂದು ದಿನವಿದೆ, ಹೊತ್ತೂ ಇದೆ.

ಮರುದಿನ ಎಂಟಕ್ಕೆ ಮತ್ತೆ ಆ ವಾಸನೆ ಬಂತು.

ಅದರ ಮರುದಿನವೂ. ನಾನು ಪ್ರತಿ ರಾತ್ರಿ ನಾಳೆ ಎನ್ನುತ್ತಿದ್ದೆ, ಅದು ಪ್ರತಿ ರಾತ್ರಿ ಖರಶೋ ಎನ್ನುತ್ತಿತ್ತು. ಲೈಬ್ರರಿಯಲ್ಲಿ ಕೂತು ತಡವಾಗಿ ಬಂದ ದಿನ, ನಾನು ಬಾಗಿಲು ಹಾಕಿಕೊಂಡ ಮೇಲೆ ಬಂತು. ಮನೆ ಬದಲಿಸಲು ಕೇಳಬಹುದಿತ್ತು. ಕಾರಣ ಏನೆಂದು ಬರೆಯಲಿ?

ಲರೀಸಾ ಪಕ್ಕದ ಹಾಲ್‌ನಲ್ಲೇ ಇದ್ದರೂ ಅವಳಿಗೆ ಏನೂ ಕೇಳಿಸುತ್ತಿರಲಿಲ್ಲ. ಕೇಳಿಸುತ್ತಿದ್ದದ್ದು ನನ್ನ ದನಿ ಮಾತ್ರ. ಒಂದು ರಾತ್ರಿ ಬಾಗಿಲು ತೆಗೆದರೆ ಎದುರಿಗೇ ನಿಂತಿದ್ದಳು. ಯಾರ ಜೊತೆ ಮಾತನಾಡುತ್ತಿದ್ದೆ ಎಂದು ಕೇಳಿದಳು. ಇನ್ನು ಮುಚ್ಚಿಡಲಾರದೆ ಎಲ್ಲ ಹೇಳಿಬಿಟ್ಟೆ. ಹುಚ್ಚಿ ಎನ್ನುತ್ತಾಳೆ, ಇಲ್ಲವೇ ಸಾಮಾನು ಕಟ್ಟು ಎನ್ನುತ್ತಾಳೆ ಎಂದು ಕಾದೆ. ಅವಳು ನನ್ನ ಬಾಗಿಲನ್ನು ಅಂಗೈಯಿಂದ ಸವರಿದಳು.

“ನನ್ನ ಬಾಗಿಲಿಗೆ ಒಂದು ದಿನಾನೂ ಬರಲಿಲ್ಲ,” ಎಂದಳು.

ಅಷ್ಟು ದಿನ ನನಗೆ ಹೆದರಿಕೆ ಇತ್ತು. ಆ ಗಳಿಗೆಯಿಂದ ನಾಚಿಕೆಯೂ ಸೇರಿಕೊಂಡಿತು. ಐದು ವಾರದ ಪರಿಚಯದವಳು ನಾನು, ಅವಳ ತಾಯಿಯನ್ನು ನನ್ನ ಬಾಗಿಲಿಗೆ ಕಟ್ಟಿಹಾಕಿದ್ದೆ.

ನಲವತ್ತನೆಯ ದಿನ ಲರೀಸಾ ಏಳೂವರೆಗೇ ನನ್ನ ಕೋಣೆಗೆ ಬಂದು ಮಂಚದ ಮೇಲೆ ಕೂತಳು. “ಕರೆದಿದ್ದು ನೀನು. ನೀನೇ ಪ್ರಶ್ಚಾಯ್ ಹೇಳು. ಇವತ್ತು ಹೋಗದಿದ್ರೆ ಅಮ್ಮ ಎಲ್ಲಿಗೂ ಸೇರಲ್ಲ,” ಎಂದಳು. ಒಪ್ಪಿಕೊಂಡೆ. ಇಬ್ಬರೂ ಬಾಗಿಲು ನೋಡುತ್ತಾ ಕೂತೆವು.

ಎಂಟಕ್ಕೆ ಎಸಿ ನಿಂತಿತು.

ಲರೀಸಾ ಮುಖ ಎತ್ತಿದಳು. ಮೂಗಿನ ಹೊಳ್ಳೆ ಅರಳಿದವು. ವಾಸನೆ ಅವಳಿಗೂ ಬಂದಿತ್ತು. ಸರ್... ಟಪ್... ನನ್ನ ಕೈ ಹಿಡಿದಳು. ಟಕ್.

“ಮೋಜ್ನೊ?”

ಬಾಯಿ ತೆರೆದೆ. ‘ಪ್ರ’ ಎಂದೆ. ಮುಂದಕ್ಕೆ ಬರಲಿಲ್ಲ. ಹುಟ್ಟಿದಾಗಿನಿಂದ ಹಿರಿಯರೊಬ್ಬರಿಗೆ ಹೋಗು ಎಂದವಳಲ್ಲ. ಬಾಗಿಲ ಆಚೆ ಕಾಯುತ್ತಿದ್ದದ್ದು ನನಗೆ ಚಹಾ ಬಗ್ಗಿಸಿ ಕೊಡುತ್ತಿದ್ದ ಮುದುಕಿ. ಎರಡನೆಯ ಸಲ ಕೇಳಿತು. ನಾನು ಅಳುತ್ತಿದ್ದೆ.

ಮೂರನೆಯ ಸಲಕ್ಕೆ ಮೊದಲು ಲರೀಸಾಳೇ ಎದ್ದು ಬಾಗಿಲಿಗೆ ಹಣೆ ಒತ್ತಿ ನಿಂತಳು.

“ಅಮ್ಮಾ... ಅವತ್ತು ಬೆಳಿಗ್ಗೆ ಏನೂ ಹೇಳದೆ ಹೋಗಿಬಿಟ್ಟೆ. ಪ್ರಶ್ಚಾಯ್, ಅಮ್ಮಾ. ಪ್ರಶ್ಚಾಯ್.”

ಹೆಜ್ಜೆ ನಿಧಾನಕ್ಕೆ ಹಿಂದೆ ಸರಿಯಿತು. ಅಜ್ಜಿಯ ಕೋಣೆಯ ಬಾಗಿಲು ಕಿರುಗುಟ್ಟಿದ್ದು ಇಬ್ಬರಿಗೂ ಕೇಳಿಸಿತು. ಲರೀಸಾ ಒಬ್ಬಳೇ ಹೋಗಿ ಕನ್ನಡಿಗಳ ಬಟ್ಟೆ ತೆಗೆದಳು, ಲೋಟದ ನೀರನ್ನು ಅಂಗಳದ ಗಿಡಕ್ಕೆ ಚೆಲ್ಲಿ ಬಂದಳು. ಅಂದು ರಾತ್ರಿ ಅವಳು ಗೊರಕೆ ಹೊಡೆದದ್ದು ಕೇಳಿ ನನಗೆ ಎಷ್ಟು ನೆಮ್ಮದಿಯಾಯಿತೋ. ಆಮೇಲೆ ಯಾವ ಎಂಟು ಗಂಟೆಗೂ ಯಾವ ಸದ್ದೂ ಬರಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು.

ಡಿಸೆಂಬರಿನಲ್ಲಿ ಸೆಮಿಸ್ಟರ್ ಮುಗಿಯಿತು. ಟೆಕ್ಸಾಸಿನದೇ ಜಾರ್ಜ್‌ಟೌನಿನಲ್ಲಿ ಇಂಟರ್ನ್‌ಶಿಪ್ ಸಿಕ್ಕಿ ಅಲ್ಲಿಗೆ ಶಿಫ್ಟ್ ಆಗುವುದಿತ್ತು. ಹೊರಟದ್ದು ಬೆಳಿಗ್ಗೆ ಹತ್ತು ಗಂಟೆಗೆ, ಚೆನ್ನಾದ ಬಿಸಿಲು. ಪ್ರಯಾಣಕ್ಕೆ ಮೊದಲು ಒಂದು ನಿಮಿಷ ಮಾತಿಲ್ಲದೆ ಕೂರುವುದು ಅವರ ಪದ್ಧತಿ. ಸೂಟ್‌ಕೇಸಿನ ಮೇಲೆ ಕೂತೆ, ಎದ್ದೆ. ಲರೀಸಾ ಅದನ್ನು ಎಳೆದುಕೊಂಡು ಕಾರಿಗೆ ಹೋದಳು. ನಾನು ಚೀಲ ಹೆಗಲಿಗೇರಿಸಿ, ಬಾಗಿಲು ಎಳೆದುಕೊಳ್ಳುತ್ತಾ, ನಾಲ್ಕು ತಿಂಗಳ ರೂಢಿಯಲ್ಲಿ ಖಾಲಿ ಮನೆಯ ಕಡೆಗೆ ಅಂದುಬಿಟ್ಟೆ.

“ಯಾ ಪ್ರಿದೂ.”

ಹೊರಗೆ ಲರೀಸಾ ಡಿಕ್ಕಿ ಮುಚ್ಚಿದ ಸದ್ದು ಕೇಳಿತು. ಅದೇ ಹೊತ್ತಿಗೆ ಒಳಗಿನಿಂದ ಬೇರಿನ ಘಾಟು...

“ಪ್ರಿಖದೀ, ಸಹನೋಚ್ಕಾ.”

ಪ್ರಶ್ಚಾಯ್ ಎಂದದ್ದು ಲರೀಸಾ. ನಾನು ಇಂದಿಗೂ ಅದನ್ನು ಹೇಳಿಲ್ಲ.

ಲರೀಸಾಳಿಗೆ ಇದನ್ನು ತಿಳಿಸಿಲ್ಲ. ತಾಯಿ ಸೇರಬೇಕಾದ ಕಡೆ ಸೇರಿದಳು ಎಂದು ಅವಳು ನಂಬಿದ್ದಾಳೆ, ನಂಬಿಕೊಂಡಿರಲಿ. ಭಾನುವಾರ ಭಾನುವಾರ ಫೋನ್ ಮಾಡುತ್ತಾಳೆ. ಸೂಪ್ ಮಾಡಿದ್ದೇನೆ, ಮೂರು ಗಂಟೆಯ ಡ್ರೈವ್ ಅಷ್ಟೇ, ಬರಬಾರದಾ ಎನ್ನುತ್ತಾಳೆ. ಬರುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ. ಜಾಫ್ತ್ರ ಎನ್ನುತ್ತೇನೆ.

ಹೋದ ಭಾನುವಾರವೂ ನಾಳೆ ಬರ್ತೀನಿ ಎಂದೆ. “ಖರಶೋ” ಎಂದು ಒಡಕು ದನಿಯ ಉತ್ತರ ಬಂತು. ಫೋನ್ ಇಟ್ಟೆ. ಲರೀಸಾಳ ದನಿ ಒಡಕಲ್ಲ.