ಕೆಂಪಿಗೆ ಕಟ್ಟಿದ ಗೂಡು

ಕೊರೊನಾ ಮುಗಿದು ನಿಂತುಹೋಗಿದ್ದ ಮನೆ ಕೆಲಸಗಳೆಲ್ಲ ಒಟ್ಟಿಗೇ ಶುರುವಾದ ವರ್ಷ ಅದು. ಕೊಳ್ಳೇಗಾಲದಿಂದ ಮಧುವನಹಳ್ಳಿ ಕಡೆಗೆ ಹೋಗುವ ರಸ್ತೆಯ ಪಕ್ಕದಲ್ಲಿ ನನ್ನ ವೆಲ್ಡಿಂಗ್ ಶಾಪ್ ಇದೆ. ಅದರ ಬೆನ್ನಿಗೇ ಮನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು, ಬೇರೆಯವರ ಶಾಪಿನಲ್ಲಿ ಕಬ್ಬಿಣ ಹೊತ್ತು, ಆಮೇಲೆ ಸ್ವಂತಕ್ಕೆ ಮಷಿನ್ ಇಟ್ಟುಕೊಂಡವನು ನಾನು. ಕೊಳ್ಳೇಗಾಲ, ಹನೂರು, ಯಳಂದೂರು, ಈ ಮೂರೂ ಕಡೆ ನಾನು ಕೂರಿಸಿದ ಗೇಟುಗಳಿವೆ, ಕಿಟಕಿ ಗ್ರಿಲ್‌ಗಳಿವೆ. ಗೇಟು ಜೋತುಬಿದ್ದಿದೆ, ಬಂದು ಎತ್ತಿಕೊಡು ಎಂದು ಇದುವರೆಗೆ ಯಾರೂ ನನ್ನನ್ನು ಕರೆದಿಲ್ಲ. ಜಂಬ ಎನ್ನುವವರು ಎನ್ನಲಿ, ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಒಂದು ದಿನ ಬೆಳಗ್ಗೆ ಕೊಳ್ಳೇಗಾಲದ ಗುಜರಿ ಅಂಗಡಿ ನಾಗೇಶ ಫೋನ್ ಮಾಡಿದ.

"ಮಾದೇವಣ್ಣೋ, ಬಿರ್‍ರನೆ ಬಾ. ಒಂದು ನಾಯಿ ಟೆಂಪೋ ಚಕ್ರದ ಡಿಸ್ಕಿಗೆ ತಲೆ ತೂರುಸ್ಕಂಡು ಕುಂತದೆ."

"ಎಣ್ಣೆ ಆಕಿ ಎಳುದ್ರೆ ಬತ್ತದೆ ಬುಡ್ಲಾ."

"ಎಣ್ಣೆನೂ ಆಯ್ತು, ಸೋಪೂ ಆಯ್ತು. ಇನ್ ನೀನೇ ಬರ್ಬೇಕು."

ಡಿಸ್ಕ್ ಎಂದರೆ ಟಯರ್ ಕೂರುವ ಕಬ್ಬಿಣದ ಚಕ್ರ. ಅದರ ನಡುವೆ ಒಂದು ತೂತಿರುತ್ತದೆ. ಗುಜರಿಯಲ್ಲಿ ಬಿದ್ದಿದ್ದ ಡಿಸ್ಕಿನ ತೂತಿನೊಳಗೆ ಏನು ಕಂಡಿತೋ, ಒಂದು ಕೆಂಪು ಹೆಣ್ಣು ನಾಯಿ ತಲೆ ಹಾಕಿಬಿಟ್ಟಿತ್ತು. ಒಳಗೆ ಹೋದ ಕಿವಿ ಹಿಂದಕ್ಕೆ ಬರುವುದಿಲ್ಲ. ಹಿಂದಿನ ದಿನವೇ ಸಿಕ್ಕಿಕೊಂಡಿತ್ತೆಂದು ಕಾಣುತ್ತದೆ; ಕುತ್ತಿಗೆ ಊದಿ ಕಬ್ಬಿಣಕ್ಕೆ ಅಂಟಿಕೊಂಡಿತ್ತು. ನಾನು ಕಬ್ಬಿಣ ಕೊಯ್ಯುವ ಗ್ರೈಂಡರ್ ಆನ್ ಮಾಡಿದ್ದೇ ತಡ, ಆ ಬಡಕಲು ಪ್ರಾಣಿ ಅಷ್ಟು ಭಾರದ ಚಕ್ರವನ್ನೂ ಎಳೆದುಕೊಂಡು ಗೋಡೆ ಮೂಲೆಗೆ ಓಡಿತು. ಓಡುವಾಗ ಚಕ್ರ ಅಲ್ಲಿದ್ದ ಪೈಪುಗಳಿಗೆಲ್ಲ ಬಡಿದು ಠಣ್ ಠಣ್ ಎಂದು ಸದ್ದು. ಪ್ರತಿ ಸದ್ದಿಗೂ ಅದು ಇನ್ನಷ್ಟು ಬೆದರುತ್ತಿತ್ತು.

ನಾಗೇಶ ಅಷ್ಟರಲ್ಲಿ ಶಾಲಿನಿ ಮೇಡಂ ಅವರಿಗೂ ಹೇಳಿಕಳಿಸಿದ್ದ. ಮೈಸೂರಿನವರು. ಯಳಂದೂರು ರಸ್ತೆಯ ಒಂದು ತೋಟವನ್ನು ಬಾಡಿಗೆಗೆ ಹಿಡಿದು ಗಾಯವಾದ, ದಿಕ್ಕಿಲ್ಲದ ನಾಯಿಗಳನ್ನು ಸಾಕುತ್ತಿದ್ದರು. ಅವರು ಪಶು ಡಾಕ್ಟರನ್ನು ಕರೆತಂದು ಮಂಪರು ಬರುವ ಇಂಜೆಕ್ಷನ್ ಕೊಡಿಸಿದರು. ಆಮೇಲೆ ನನ್ನ ಕೆಲಸ.

ಗ್ರೈಂಡರ್ ಓಡಿದರೆ ಕಬ್ಬಿಣ ಕಾಯುತ್ತದೆ, ಕಿಡಿ ಹಾರುತ್ತದೆ. ಆದ್ದರಿಂದ ಕುತ್ತಿಗೆಯಿಂದ ದೂರದ ಭಾಗವನ್ನು ಮಾತ್ರ ಮಷಿನ್‌ನಲ್ಲಿ ಕೊಯ್ದೆ, ನಾಯಿಯ ಮೇಲೆ ಒದ್ದೆ ಗೋಣಿಚೀಲ ಹೊದಿಸಿ. ಉಳಿದದ್ದನ್ನು ಹ್ಯಾಕ್ಸಾ ಎನ್ನುವ ಕೈಗರಗಸದಲ್ಲಿ. ಎಣ್ಣೆ ಡಬ್ಬದ ತಗಡನ್ನು ಪಟ್ಟಿ ಮಾಡಿ, ಅಂಚು ಮಡಚಿ, ಕುತ್ತಿಗೆಗೂ ಕಬ್ಬಿಣಕ್ಕೂ ನಡುವೆ ತೂರಿಸಿದೆ, ಬ್ಲೇಡು ಜಾರಿದರೂ ಚರ್ಮಕ್ಕೆ ತಾಗದ ಹಾಗೆ. ಮೇಡಂ ನೀರು ಹನಿಸುತ್ತಾ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಡಿಸ್ಕ್ ಎರಡು ಹೋಳಾಗಿ ಬಿತ್ತು. ನಾಗೇಶನ ಅಂಗಡಿ ಮುಂದೆ ನೆರೆದಿದ್ದ ಜನ ಚಪ್ಪಾಳೆ ತಟ್ಟಿದರು. ಗೇಟು ಮಾಡಿದ್ದಕ್ಕೆ ನನಗೆ ಯಾರೂ ಚಪ್ಪಾಳೆ ತಟ್ಟಿದ್ದಿಲ್ಲ.

ನಾಯಿಯನ್ನು ಮೇಡಂ ತಮ್ಮ ತೋಟಕ್ಕೆ ಒಯ್ದರು. ಯಳಂದೂರು ಕಡೆ ಕೆಲಸವಿದ್ದಾಗಲೆಲ್ಲ ನಾನು ಮುಗಿಸಿಕೊಂಡು, ಕೈಕಾಲು ತೊಳೆದು, ಅಂಗಿ ಬದಲಾಯಿಸಿ ಅಲ್ಲಿಗೆ ಹೋಗತೊಡಗಿದೆ. ಮೊದಮೊದಲು ದೂರ ನಿಲ್ಲುತ್ತಿತ್ತು. ಆಮೇಲೆ ಬಿಸ್ಕೆಟ್ ತಿಂದು ಹೋಗುತ್ತಿತ್ತು. ಒಂದು ದಿನ ತಾನಾಗಿ ಬಂದು ನನ್ನ ಪಾದದ ಮೇಲೆ ತಲೆ ಇಟ್ಟು ಮಲಗಿತು. ಕುತ್ತಿಗೆಯ ಸುತ್ತ ಕೂದಲು ಬಾರದ ಒಂದು ಉಂಗುರ. ಅಲ್ಲಿ ಅದಕ್ಕೇನೋ ಇಂಗ್ಲಿಷ್ ಹೆಸರಿಟ್ಟಿದ್ದರು. ನಾನು ಕೆಂಪಿ ಅಂದೆ. ಕೆಂಪಿ ಅಂದರೇ ಅದು ತಿರುಗಿ ನೋಡುತ್ತಿತ್ತು.

ನಮ್ಮ ಮನೆಯಲ್ಲಿ ಮೊದಲು ಕೆಂಚ ಅಂತ ಒಂದು ನಾಯಿ ಇತ್ತು. ಒಂದು ಬೆಳಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಅದರ ಕೊರಳಪಟ್ಟಿ ಮಾತ್ರ ಬಿದ್ದಿತ್ತು. ನಮ್ಮ ಕಡೆ ಚಿರತೆ ಊರೊಳಗೆ ಬರುವುದೇ ನಾಯಿಗಾಗಿ. ಕಾಪಾಡಲಾಗದ ಮೇಲೆ ಸಾಕಬಾರದು ಅಂತ ಆಮೇಲೆ ನಾನು ನಾಯಿ ತಂದಿರಲಿಲ್ಲ. ಕೆಂಪಿ ಕಾಲ ಮೇಲೆ ತಲೆ ಇಟ್ಟ ದಿನ ಆ ತೀರ್ಮಾನ ಸಡಿಲವಾಯಿತು.

"ಇದನ್ನ ನಂಗೇ ಕೊಟ್ಬುಡಿ ಮೇಡಂ" ಅಂದೆ.

ಹಾಗೆಲ್ಲ ಕೊಡುವುದಿಲ್ಲವಂತೆ. ಅರ್ಜಿ ಹಾಕಬೇಕು, ಅವರು ಮನೆ ನೋಡಬೇಕು, ಒಪ್ಪಿಗೆಯಾದರೆ ದತ್ತು. ನಮ್ಮ ಊರಲ್ಲಿ ನಾಯಿ ಬೇಕೆಂದರೆ ಮರಿ ಹಾಕಿದವರ ಮನೆಯಿಂದ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬರುತ್ತೇವೆ, ಅಷ್ಟೇ. ಟೀ ಅಂಗಡಿಯಲ್ಲಿ ವಿಷಯ ಹೇಳಿದೆ. ನಾಗೇಶನಿಗೆ ನಗು ತಡೆಯಲಾಗಲಿಲ್ಲ.

"ದತ್ತು ತಕತೀಯಾ? ನಾಮಕರಣ ಯಾವಾಗಣ್ಣೋ? ಊಟಕ್ಕೆ ಕರಿ!"

ಮೇಡಂ ಒಂದಷ್ಟು ಪ್ರಶ್ನೆ ಕೇಳಿದರು. ಮನೆಯಲ್ಲಿ ಯಾರಿದ್ದಾರೆ, ಏನು ಊಟ ಹಾಕುತ್ತೀರಿ, ಹಿಂದೆ ಸಾಕಿದ ನಾಯಿ ಏನಾಯಿತು. ಕೆಂಚನ ವಿಷಯವನ್ನು ಮುಚ್ಚಿಡದೆ ಹೇಳಿದೆ. ಅವರ ಮುಖ ಸಣ್ಣದಾಯಿತು.

"ಹಾಗಾದ್ರೆ ರಾತ್ರಿ ಹೊತ್ತು ಎಲ್ಲಿ ಮಲಗುತ್ತೆ ಮಾದೇವಣ್ಣ?"

"ಅದ್ಕೆ ಅಂತ್ಲೇ ಒಂದ್ ಮಾಡ್ತಾವ್ನಿ. ಈಗ ಯೋಳಲ್ಲ, ಬಂದಾಗ ನೋಡಿ."

ಅರ್ಧ ಕೆಲಸ ಯಾರಿಗೂ ತೋರಿಸಬಾರದು ಎನ್ನುವುದು ನನಗೆ ಕಲಿಸಿದ ಮೇಸ್ತ್ರಿಯ ಪಾಠ. ಬಣ್ಣ ಹೊಡೆದು ಒಣಗಿದ ಮೇಲೇ ಗಿರಾಕಿಯನ್ನು ಕರೆಯಬೇಕು. ಅದರಂತೆ ಗುಟ್ಟಾಗಿ ಗೂಡು ಕಟ್ಟಲು ಕೂತೆ. ಎರಡಿಂಚಿನ ಕಬ್ಬಿಣದ ಆಂಗಲ್‌ನ ಚೌಕಟ್ಟು, ಅದಕ್ಕೆ ಹತ್ತು ಎಂಎಂ ರಾಡು, ಚಿರತೆಯ ಪಂಜ ಒಳಗೆ ಬರದಂತೆ ರಾಡಿನ ಮೇಲೆ ಗಟ್ಟಿ ಜಾಲರಿ. ನೆಲದಿಂದ ಒಂದಡಿ ಎತ್ತರ, ಕೆಳಗೆ ಮರದ ಹಲಗೆ. ಬಾಗಿಲು ಎಳೆದರೆ ತಾನಾಗಿ ಬೀಳುವ ಚಿಲಕ, ಅದರ ಮೇಲೊಂದು ಬೋಲ್ಟು. ಗಿರಾಕಿಗಳ ಕೆಲಸ ಹಿಂದೆ ಹಾಕಿ ಮಾಡಿದ್ದು. ನನ್ನ ಹೆಂಡತಿ ರಾಜಮ್ಮ ಅದನ್ನು ಸುತ್ತ ಒಮ್ಮೆ ನೋಡಿ, "ನಮ್ಮನೆ ಇತ್ಲು ಬಾಗ್ಲುಗೆ ಚಿಲ್ಕ ಇಲ್ದೆ ವರ್ಸ ಆಯ್ತು, ನಾಯಿಗೆ ನೋಡು ಅರಮನೆ" ಅಂದಳು. ಅಂದರೂ ಹಳೆಯ ಕಂಬಳಿಯೊಂದನ್ನು ಒಗೆದು ಒಣಗಿಸಿ ಒಳಗೆ ಹಾಸಿದವಳು ಅವಳೇ.

ಮನೆ ನೋಡಲು ಬರುವ ದಿನ ಶಾಪಿಗೆ ರಜ ಮಾಡಿದೆ. ಬಿಳಿ ಅಂಗಿ ಹಾಕಿದೆ. ರಾಜಮ್ಮ ಉಪ್ಪಿಟ್ಟು ಕಾಫಿ ಮಾಡಿಟ್ಟಳು. ಹೆಣ್ಣಿನ ಕಡೆಯವರು ಗಂಡು ನೋಡಲು ಬರುವಂತೆ ಇಬ್ಬರೂ ರಸ್ತೆ ನೋಡುತ್ತಾ ನಿಂತಿದ್ದೆವು. ಮೇಡಂ ತಮ್ಮ ವ್ಯಾನಿನಲ್ಲಿ ಕೆಂಪಿಯನ್ನೂ ಕರೆತಂದರು. ಅದು ಇಳಿದದ್ದೇ ನನ್ನ ಕಡೆ ಓಡಿ ಬಂತು, ಬಾಲವೆಲ್ಲ ಅಲ್ಲಾಡಿಸುತ್ತಾ. ರಾಜಮ್ಮನ ಕೈಯನ್ನೂ ಮೂಸಿತು. ಜಗಲಿ ಹತ್ತಿ ಇಳಿಯಿತು. ಮೇಡಂ ನಗುತ್ತಿದ್ದರು. ಆಗಿಹೋಯಿತು ಅಂದುಕೊಂಡೆ.

ಆಮೇಲೆ ಕೆಂಪಿಯ ಹಗ್ಗ ಹಿಡಿದಿದ್ದ ಮೇಡಂ ಅವರನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಗೂಡು ತೋರಿಸಿದೆ. ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ಮೇಡಂ ರಾಡುಗಳನ್ನೊಮ್ಮೆ, ಕೆಂಪಿಯನ್ನೊಮ್ಮೆ ನೋಡಿದರು. ಕೆಲಸದ ಗಟ್ಟಿತನ ಅವರಿಗೆ ತಿಳಿಯಲಿಲ್ಲವೇನೋ ಎಂದು ನನಗೆ ಅನಿಸಿತು.

"ಚಿರತೆ ಅಲ್ಲ, ಆನೆ ಬಂದ್ರೂ ಬಗ್ಗಲ್ಲ ಮೇಡಂ. ಚಿಲ್ಕ ನೋಡಿ ಎಂಗೆ ಬೀಳ್ತದೆ" ಅಂದು ಬಾಗಿಲನ್ನು ಎಳೆದು ಬಿಟ್ಟೆ.

ಠಣ್ ಎಂದಿತು.

ಕೆಂಪಿ ಒಂದು ಸಲ ಕಿರುಚಿತು. ಮೇಡಂ ಕೈಯಲ್ಲಿದ್ದ ಹಗ್ಗ ಕಿತ್ತುಕೊಂಡು ಓಡಿ ವ್ಯಾನಿನ ಕೆಳಗೆ ನುಗ್ಗಿತು. ಹೋದ ದಾರಿಯುದ್ದಕ್ಕೂ ಉಚ್ಚೆ. ನಾನು ಬಿಳಿ ಅಂಗಿಯಲ್ಲೇ ರಸ್ತೆಯ ಮಣ್ಣಿನಲ್ಲಿ ಬೋರಲು ಮಲಗಿ, "ಕೆಂಪಿ, ನಾನ್ ಕಣವ್ವ, ಬಾ" ಎಂದು ಕೈ ಚಾಚಿದೆ. ಚಕ್ರದ ಹಿಂದೆ ಮುದುಡಿಕೊಂಡು ನಡುಗುತ್ತಿತ್ತು. ನನ್ನ ಕೈ ಹತ್ತಿರ ಹೋದಷ್ಟೂ ಅದು ಹಿಂದೆ ಸರಿಯಿತು. ಕೊನೆಗೆ ಮೇಡಂ ಬಗ್ಗಿ ಎತ್ತಿಕೊಂಡರು.

ಹೊರಡುವ ಮುನ್ನ ಅವರು ಶಾಪಿನ ಕಡೆ ನೋಡಿ ಕೇಳಿದರು: "ದಿನಾ ಮಷಿನ್ ಓಡುತ್ತಾ?"

"ಓಡ್ದೆ ಇದ್ರೆ ಉಣ್ಣದು ಏನು ಮೇಡಂ?"

ಉಪ್ಪಿಟ್ಟನ್ನು ಅವರು ತಿಂದರು, ಚೆನ್ನಾಗಿದೆ ಎಂದೂ ಅಂದರು. ಆದರೆ ರಾಜಮ್ಮನಿಗೆ ಆಗಲೇ ತಿಳಿದಿತ್ತು. ವ್ಯಾನು ಹೋದ ಮೇಲೆ ಕಂಬಳಿಯನ್ನು ಗೂಡಿನಿಂದ ತೆಗೆದು ಮಡಚಿಟ್ಟಳು.

ಎರಡು ದಿನ ಬಿಟ್ಟು ಫೋನ್ ಬಂತು.

"ಕೆಂಪೀನ ನಿಮಗೆ ಕೊಡೋಕಾಗಲ್ಲ ಮಾದೇವಣ್ಣ. ಬೇಜಾರು ಮಾಡ್ಕೋಬೇಡಿ."

"ನಾನೇನ್ ಅದ್ಕೆ ಒಡುದ್ನಾ, ಬೈದ್ನಾ? ಕುಯ್ದು ಬುಡ್ಸುದೋನು ನಾನು."

"ನೀವು ಬಿಡಿಸಿದ್ರಿ ಅಂತ ನನಗೆ ಗೊತ್ತು. ಅದಕ್ಕೆ ಗೊತ್ತಿಲ್ಲ. ಅದಕ್ಕೆ ಆ ಸದ್ದು ಮಾತ್ರ ನೆನಪಿದೆ."

"ಗೂಡ ಕಿತ್ತಾಕ್ತೀನಿ."

"ಶಾಪ್ ಕಿತ್ತುಹಾಕೋಕಾಗುತ್ತಾ?"

ಅವರೇ ಮತ್ತೆ, ತಮ್ಮಲ್ಲಿ ಇನ್ನೊಂದು ಗಂಡು ನಾಯಿ ಇದೆ, ಸದ್ದಿಗೆ ಹೆದರುವುದಿಲ್ಲ, ಅದನ್ನು ನೋಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನನಗೆ ಉರಿದುಹೋಯಿತು.

"ಅಂಗಡಿಲಿ ಸಾಮಾನು ಬದ್ಲಾಯ್ಸ್ಕಂಡಂಗಾ ಮೇಡಂ?" ಅಂದು ಫೋನ್ ಇಟ್ಟೆ.

ಊರಿಗೆ ವಿಷಯ ತಿಳಿಯಲು ಎಷ್ಟು ಹೊತ್ತು? ಸಾಲ ಕೊಡಲಿಲ್ಲ, ಹೆಣ್ಣು ಕೊಡಲಿಲ್ಲ ಎನ್ನುವ ಮಾತು ಇದ್ದೇ ಇರುತ್ತದೆ. ನಾಯಿಯನ್ನೂ ಕೊಡಲಿಲ್ಲ ಎನ್ನಿಸಿಕೊಂಡವನು ನಮ್ಮ ಹೋಬಳಿಯಲ್ಲಿ ನಾನೊಬ್ಬನೇ. "ಬೀದಿಲಿ ಬಿದ್ದಿದ್ ನಾಯಿಗೂ ನಮ್ ಮಾದೇವಣ್ಣ ಸರಿಬರ್ನಿಲ್ಲ ಕಣ್ರಲಾ" ಎಂದು ಟೀ ಅಂಗಡಿಯಲ್ಲಿ ಯಾರೋ ಅಂದರು. ಎಲ್ಲರೂ ನಕ್ಕರು. ವಿಚಿತ್ರವೆಂದರೆ ನಾಗೇಶ ನಗಲಿಲ್ಲ. ಆ ದಿನ ಅವನು ಚಕ್ರ ಎಳೆದುಕೊಂಡು ಓಡಿದ ನಾಯಿಯನ್ನು ನೋಡಿದ್ದ. "ಬುಡಣ್ಣ, ಅದ್ರ ಎದೇಲಿ ಇನ್ನೂ ಆ ಡಿಸ್ಕು ಅದೆ" ಎಂದು ಮೆಲ್ಲಗೆ ಹೇಳಿ ನನ್ನ ಟೀಗೂ ತಾನೇ ದುಡ್ಡು ಕೊಟ್ಟು ಹೋದ.

ಕೆಂಪಿಯನ್ನು ಮೈಸೂರಿನ ಗಂಡ ಹೆಂಡತಿಗೆ ಕೊಟ್ಟರಂತೆ. ಮೇಡಂ ಫೋಟೋ ಕಳಿಸಿದರು: ಪರದೆ ಇಳಿಬಿಟ್ಟ ಕಿಟಕಿಯ ಪಕ್ಕ, ಚಾಪೆಯ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿತ್ತು. ನಾನು ಅದಕ್ಕೆ ಉತ್ತರ ಕಳಿಸಲಿಲ್ಲ. ಅಳಿಸಿಯೂ ಹಾಕಲಿಲ್ಲ. ಅಲ್ಲಿ ಚಿರತೆ ಇಲ್ಲ, ಗ್ರೈಂಡರ್ ಇಲ್ಲ. ಅವರು ಮಾಡಿದ್ದು ಸರಿ ಎಂದು ತಲೆ ಒಪ್ಪುತ್ತದೆ. ಆದರೂ, ನನ್ನ ಪಾದದ ಮೇಲೆ ತಲೆ ಇಟ್ಟದ್ದು ಸುಳ್ಳೇ ಎಂದು ಒಳಗೆ ಯಾರೋ ಕೇಳುತ್ತಲೇ ಇರುತ್ತಾರೆ. ಆ ಬೇಸಿಗೆಯಲ್ಲಿ ಚಿರತೆ ನಮ್ಮ ಬೀದಿಗೆ ಮತ್ತೆ ಬಂದು ಇನ್ನೊಬ್ಬರ ನಾಯಿಯನ್ನು ಒಯ್ದಿತು. ಗೂಡು ಬೇಕಾದ ಊರು ಇದು ಎನ್ನುವುದೂ ಸುಳ್ಳಲ್ಲ.

ಗೂಡನ್ನು ಕೊಳ್ಳಲು ಇಬ್ಬರು ಬಂದರು, ಕೊಡಲಿಲ್ಲ. ಖಾಲಿ ಬಿಡಲು ರಾಜಮ್ಮನಿಗೆ ಮನಸ್ಸಿಲ್ಲ, ಕೋಳಿ ಬಿಟ್ಟಳು.

ಅದಾದ ಮೇಲೆ ಒಮ್ಮೆ ಹನೂರಿನ ಹತ್ತಿರ ಒಂದು ಮನೆಗೆ ಗೇಟು ಕೂರಿಸಲು ಹೋಗಿದ್ದೆ. ಕೆಲಸ ಮುಗಿದ ಮೇಲೆ ಗೇಟನ್ನು ಜೋರಾಗಿ ಎಳೆದು ಬಿಡುವುದು ನನ್ನ ಪದ್ಧತಿ. ಠಣ್ ಎಂದು ಒಂದೇ ಏಟಿಗೆ ಕೂತರೆ ಅಳತೆ ಸರಿಯಿದೆ ಎಂದರ್ಥ. ಆ ಸದ್ದು ಕೇಳಿಯೇ ನಾನು ಇಷ್ಟು ವರ್ಷ ಸಾಮಾನು ಕಟ್ಟಿಕೊಂಡು ಹೊರಟಿದ್ದೇನೆ. ಅಂದೂ ಎಳೆದೆ, ಠಣ್ ಎಂದಿತು. ಜಗಲಿಯ ಮೇಲೆ ಮಲಗಿದ್ದ ಮುದುಕಿಯೊಬ್ಬರು ಬೆಚ್ಚಿಬಿದ್ದು ಎದೆ ಹಿಡಿದುಕೊಂಡರು.

"ದಿನಾ ಇಂಗೇ ಬಡ್ಕತ್ತದೇನಪ್ಪ ಇದು?"

ಗೇಟಿನ ಆಚೆ ಅವರು, ಈಚೆ ನಾನು. ಗೇಟು ಮಾಡುವ ಮೊದಲು ನಾನು ಎಲ್ಲ ಕೇಳುತ್ತೇನೆ: ಗಾಡಿ ಎಷ್ಟು ಅಗಲ, ಚಿಲಕ ಯಾರ ಕೈಗೆ ಎಟುಕಬೇಕು, ಎಡಕ್ಕೋ ಬಲಕ್ಕೋ. ಒಳಗೆ ಇರುವವರ ಕಿವಿಗೆ ಅದು ಹೇಗೆ ಕೇಳುತ್ತದೆ ಎಂದು ಒಮ್ಮೆಯೂ ಕೇಳಿರಲಿಲ್ಲ. ಹಳೆಯ ಬೈಕಿನ ಟ್ಯೂಬು ಕತ್ತರಿಸಿ, ಚಿಲಕ ಬಡಿಯುವ ಜಾಗಕ್ಕೆ ಒಂದು ತುಂಡು ಕೂರಿಸಿದೆ. ಮತ್ತೆ ಎಳೆದೆ. ದಪ್ ಎಂದು ಮೆತ್ತಗೆ ಕೂತಿತು. ಅಜ್ಜಿ ಮತ್ತೆ ಕಣ್ಣು ಮುಚ್ಚಿದರು.

ಅಂದಿನಿಂದ ನನ್ನ ಶಾಪಿನಿಂದ ಹೋಗುವ ಪ್ರತಿ ಗೇಟಿಗೂ ಆ ತುಂಡು ಇರುತ್ತದೆ. ಕೆಲಸ ಮುಗಿದ ಮೇಲೆ ಗಿರಾಕಿಗೆ ಗೇಟು ಎಳೆಯಲು ಹೇಳಿ, ನಾನು ಒಳಗೆ ಹೋಗಿ ನಿಂತು ಕೇಳುತ್ತೇನೆ. ಗಟ್ಟಿಯಾಗಿ ಮಾಡುವುದನ್ನು ಮೇಸ್ತ್ರಿ ಕಲಿಸಿದ್ದರು. ಅದರೊಳಗೆ ಬದುಕುವವರ ಕಡೆ ನಿಂತು ನೋಡುವುದನ್ನು ಕೆಂಪಿ ಕಲಿಸಿತು.

ಮನೆ ಹಿಂದಿನ ಗೂಡಿನ ಚಿಲಕಕ್ಕೂ ಟ್ಯೂಬು ಸುತ್ತಿದ್ದೇನೆ. ಕೋಳಿಗಳಿಗೆ ಅದರ ಅಗತ್ಯವಿರಲಿಲ್ಲ.